ಆಘಾತ ತಡೆಯುವ ಗುಂಡಿ: ಯಾವುದು ಎಲ್ಲರದು, ಯಾವುದು ಒಬ್ಬರದು?

ನಿಮ್ಮ ಮನೆಯ ಅಥವಾ ಶಾಲೆಯ ವಿದ್ಯುತ್ ಮೀಟರಿನ ಪಕ್ಕದ ಪೆಟ್ಟಿಗೆಯನ್ನು ಗಮನಿಸಿ. ಸಾಲಾಗಿ ನಿಂತ ಎಂಸಿಬಿಗಳ ಜೊತೆಗೆ, ಅವುಗಳಿಗಿಂತ ಅಗಲವಾದ, ‘ಟೆಸ್ಟ್’ ಎಂಬ ಪುಟ್ಟ ಗುಂಡಿಯಿರುವ ಒಂದು ಸ್ವಿಚ್ ಅಲ್ಲಿರಬಹುದು. ಅದೇ ಆರ್‌ಸಿಸಿಬಿ. ವೈರಿಂಗ್ ಕೆಲಸದವರಲ್ಲಿ ಅನೇಕರು ಅದನ್ನು ಹಳೆಯ ರೂಢಿಯಂತೆ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು.

ಇಂತಹ ಜೀವರಕ್ಷಕ ಸಾಧನಕ್ಕೂ ಒಬ್ಬ ಒಡೆಯ ಇರಬಹುದೇ? ಅದನ್ನು ಇನ್ನೊಬ್ಬರು ತಯಾರಿಸಿದರೆ ಅದು ಜನೋಪಕಾರವೋ ಕಳವೋ? ಈ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳಲ್ಲಿ 2000ದ ದಶಕದಲ್ಲಿ ವರ್ಷಗಟ್ಟಲೆ ಚರ್ಚೆಗೆ ಬಂತು. ಆ ವ್ಯಾಜ್ಯಗಳ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿ ತಿಳಿಯಬೇಕಾದ ಸಂಗತಿಯೊಂದಿದೆ. ಮೊದಲು ಸಾಧನದ ತತ್ತ್ವವನ್ನು ನೋಡೋಣ.

ಹೋದದ್ದು ಮರಳಿ ಬಂತೇ?

ಒದ್ದೆ ಕೈಯ ವ್ಯಕ್ತಿಯೊಬ್ಬ ಬರಿಗಾಲಿನಲ್ಲಿ ನಿಂತು 230 ವೋಲ್ಟಿನ ಫೇಸ್ ತಂತಿಯನ್ನು ಮುಟ್ಟಿದನೆಂದುಕೊಳ್ಳಿ. ಅವನ ದೇಹದ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ ಹರಿಯುವ ವಿದ್ಯುತ್ತು 0.23 ಆಂಪೇರ್. ಇಷ್ಟು ವಿದ್ಯುತ್ತು ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಆದರೆ 16 ಆಂಪೇರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದರ ಪಾಲಿಗೆ ಇದು ಸಾಧಾರಣ ಬಲ್ಬು ಉರಿದ ಹಾಗೆ, ಅಷ್ಟೆ.

ಆರ್‌ಸಿಸಿಬಿ ನೋಡುವುದು ಬೇರೆಯದನ್ನು. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಒಂದು ಕಾಂತೀಯ ಉಂಗುರದ ಮೂಲಕ ಹಾಯುತ್ತವೆ. ಫೇಸ್‌ನಲ್ಲಿ ಹೋದಷ್ಟೂ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಮರಳಿದರೆ ಅವುಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ. ಸ್ವಲ್ಪ ಭಾಗ ಮನುಷ್ಯನ ಮೈ ಮೂಲಕ ನೆಲಕ್ಕಿಳಿದರೆ ಲೆಕ್ಕ ತಪ್ಪುತ್ತದೆ. ಉಂಗುರದಲ್ಲಿ ಉಳಿದ ಕಾಂತಕ್ಷೇತ್ರವು ಅದರ ಮೇಲೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ವೋಲ್ಟೇಜನ್ನು ಪ್ರೇರಿಸಿ, ಸ್ವಿಚ್ಚನ್ನು ಟ್ರಿಪ್ ಮಾಡಿಸುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್‌ಸಿಸಿಬಿಗೆ 30 ಮಿಲಿಆಂಪೇರ್ ವ್ಯತ್ಯಾಸ ಸಾಕು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಎಳೆಯುವ ವಿದ್ಯುತ್ತಿನಲ್ಲಿ ಇದು ಸುಮಾರು 145ರಲ್ಲಿ ಒಂದು ಪಾಲು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿ, ನೆಲಕ್ಕೆ ಸೋರಿಕೆಯೇ ಆಗದಿದ್ದರೆ ಮಾತ್ರ ಈ ಸಾಧನಕ್ಕೆ ಅಪಾಯ ತಿಳಿಯುವುದಿಲ್ಲ ಎಂಬುದನ್ನೂ ನೆನಪಿಡಿ.

ಗಣಿಯಿಂದ ಬಚ್ಚಲುಮನೆಗೆ

ಈ ತತ್ತ್ವವನ್ನು ಬಳಕೆಗೆ ತಂದವರಲ್ಲಿ ಇಬ್ಬರನ್ನು ಹೆಸರಿಸಬೇಕು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಹೆನ್ರಿ ರೂಬಿನ್ ಅಲ್ಲಿನ ಚಿನ್ನದ ಗಣಿಗಳಿಗಾಗಿ ಇಂತಹ ರಕ್ಷಣಾ ವ್ಯವಸ್ಥೆಯನ್ನು ರೂಪಿಸಿದರು. ಇನ್ನೊಬ್ಬರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜಿಯೆಲ್. ಎಷ್ಟು ವಿದ್ಯುತ್ತು ಹರಿದರೆ ಮನುಷ್ಯ ಹಿಡಿದ ತಂತಿಯನ್ನು ಬಿಡಲಾರದಷ್ಟು ಅವನ ಸ್ನಾಯುಗಳು ಬಿಗಿಯುತ್ತವೆ ಎಂಬುದನ್ನು ಅವರು ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ ಅಳೆದರು. 134 ಪುರುಷರಲ್ಲಿ ಈ ಮಿತಿ ಸರಾಸರಿ 16 ಮಿಲಿಆಂಪೇರ್, 28 ಸ್ತ್ರೀಯರಲ್ಲಿ 10.5 ಮಿಲಿಆಂಪೇರ್ ಎಂದು ಕಂಡುಬಂತು. ಮಕ್ಕಳನ್ನೂ ದುರ್ಬಲರನ್ನೂ ಗಮನದಲ್ಲಿಟ್ಟುಕೊಂಡರೆ ಸಾಧನವು ಸುಮಾರು 5 ಮಿಲಿಆಂಪೇರಿಗೇ ಎಚ್ಚೆತ್ತುಕೊಳ್ಳಬೇಕು. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಟ್ರಾನ್ಸಿಸ್ಟರ್ ಸಾಧ್ಯವಾಗಿಸಿತು. ಡಾಲ್‌ಜಿಯೆಲ್ ಅವರ ಸಾಧನಕ್ಕೆ 1965ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಮುಂದೆ ಅಮೆರಿಕದ ವಿದ್ಯುತ್ ಸಂಹಿತೆಯು ಮೊದಲು ಈಜುಕೊಳಗಳಿಗೆ, 1970ರ ದಶಕದಲ್ಲಿ ಮನೆಯ ಹೊರಗಿನ ಸಾಕೆಟ್‌ಗಳಿಗೆ ಮತ್ತು ಬಚ್ಚಲುಮನೆಗಳಿಗೆ, 1987ರಲ್ಲಿ ಅಡುಗೆಮನೆಗಳಿಗೆ ಈ ರಕ್ಷಣೆಯನ್ನು ಕಡ್ಡಾಯ ಮಾಡಿತು. ಅಲ್ಲಿ ಸಾಧನ ಮೀಟರಿನ ಬಳಿ ಇರುವುದಕ್ಕಿಂತ ಹೆಚ್ಚಾಗಿ ಸಾಕೆಟ್ಟಿನೊಳಗೇ ಅಡಗಿರುತ್ತದೆ. ‘ಟೆಸ್ಟ್’, ‘ರೀಸೆಟ್’ ಎಂಬ ಎರಡು ಗುಂಡಿಗಳ ಈ ಸಾಕೆಟ್ಟನ್ನು ಅವರು ಜಿಎಫ್‌ಸಿಐ ಎನ್ನುತ್ತಾರೆ.

ಈಗ ಒಂದು ಲೆಕ್ಕ ಹಾಕಿ. ಅಂದಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಆಯುಸ್ಸು ಮಂಜೂರಾದ ದಿನದಿಂದ 17 ವರ್ಷ. ಅಂದರೆ 1982ರ ಹೊತ್ತಿಗೆ ಡಾಲ್‌ಜಿಯೆಲ್ ಅವರ ಪೇಟೆಂಟ್ ಮುಗಿದಿರಲೇಬೇಕು. ‘ಹೋದ ವಿದ್ಯುತ್ತನ್ನೂ ಬಂದ ವಿದ್ಯುತ್ತನ್ನೂ ತೂಗಿ ನೋಡುವ’ ಆ ವಿದ್ಯೆ ಎಲ್ಲರ ಸೊತ್ತಾಯಿತು. ಹಾಗಿದ್ದರೆ 2004ರಲ್ಲಿ ಜಗಳ ಯಾವುದಕ್ಕೆ?

ತಂತಿ ತಿರುವುಮುರುವಾದಾಗ

ಜಗಳದ ಬೀಜ ಒಂದು ಸಣ್ಣ ತಪ್ಪಿನಲ್ಲಿತ್ತು. ಜಿಎಫ್‌ಸಿಐ ಸಾಕೆಟ್ಟಿನ ಹಿಂದೆ ಎರಡು ಜೊತೆ ಟರ್ಮಿನಲ್‌ಗಳಿರುತ್ತವೆ. ವಿದ್ಯುತ್ತು ಒಳಬರಲು ‘ಲೈನ್’. ಅಲ್ಲಿಂದ ಮುಂದಿನ ಸಾಕೆಟ್‌ಗಳಿಗೆ ಹೋಗಲು ‘ಲೋಡ್’. ಕೆಲಸಗಾರ ಇವೆರಡನ್ನೂ ಅದಲುಬದಲು ಮಾಡಿದನೆಂದುಕೊಳ್ಳಿ. ಹಳೆಯ ವಿನ್ಯಾಸದಲ್ಲಿ ಟೆಸ್ಟ್ ಗುಂಡಿ ಒತ್ತಿದರೆ ಸಾಧನ ‘ಟಕ್’ ಎಂದು ಟ್ರಿಪ್ ಆಗುತ್ತಿತ್ತು. ಎಲ್ಲ ಸರಿಯಿದೆ ಎಂದು ಮನೆಯವರು ನಂಬುತ್ತಿದ್ದರು. ಆದರೆ ಸಾಕೆಟ್ಟಿನ ಮುಖದಲ್ಲಿ ವಿದ್ಯುತ್ತು ಹಾಗೆಯೇ ಇರುತ್ತಿತ್ತು! ಸುರಕ್ಷಿತ ಎಂಬ ಭ್ರಮೆ ಹುಟ್ಟಿಸುವ ಸಾಧನವು ಸಾಧನವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಅಮೆರಿಕದ ಪರೀಕ್ಷಣಾ ಸಂಸ್ಥೆ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ತನ್ನ 943ನೇ ಮಾನಕವನ್ನು ಬಿಗಿಗೊಳಿಸಿತು. 2003ರಲ್ಲಿ ಜಾರಿಗೆ ಬಂದ ನಿಯಮಗಳು ತಿರುವುಮುರುವು ಜೋಡಣೆಯನ್ನೂ, 2006ರವು ಸಾಧನ ಒಳಗೊಳಗೇ ಕೆಟ್ಟಿರುವ ಸಂದರ್ಭವನ್ನೂ ಗಮನಕ್ಕೆ ತಂದುಕೊಂಡವು. ಮಾನಕವು ‘ಏನಾಗಬೇಕು’ ಎಂದು ಹೇಳಿತು. ‘ಹೇಗೆ’ ಎಂಬುದನ್ನು ತಯಾರಕರಿಗೆ ಬಿಟ್ಟಿತು.

ನ್ಯೂಯಾರ್ಕಿನ ಲೆವಿಟನ್ ಕಂಪನಿ ಒಂದು ‘ಹೇಗೆ’ಯನ್ನು ಮೊದಲೇ ಕಂಡುಕೊಂಡಿತ್ತು. ತಿರುವುಮುರುವು ಜೋಡಣೆಯಿಂದ ರಕ್ಷಿಸುವ ಸಾಧನಕ್ಕೆ 2001ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತ್ತು. ಇದರ ಹಿಂದಿನ ಯುಕ್ತಿ ಸರಳ. ರೀಸೆಟ್ ಗುಂಡಿ ಕೂರಬೇಕಾದರೆ ಸಾಧನದ ಒಳಗಿನ ಮಂಡಲ ಒಮ್ಮೆ ನಿಜವಾಗಿ ಕೆಲಸ ಮಾಡಿ ತೋರಿಸಬೇಕು. ಸಾಕೆಟ್ ಟ್ರಿಪ್ ಆದ ಸ್ಥಿತಿಯಲ್ಲೇ ಅಂಗಡಿಗೆ ಬರುತ್ತದೆ. ತಂತಿ ತಿರುವುಮುರುವಾಗಿದ್ದರೆ ತೆರೆದ ಸಂಪರ್ಕಗಳನ್ನು ದಾಟಿ ಮಂಡಲಕ್ಕೆ ವಿದ್ಯುತ್ತು ಬರುವುದಿಲ್ಲ. ಹಾಗಾಗಿ ಗುಂಡಿ ಕೂರುವುದಿಲ್ಲ. ಜೋಡಿಸಿದವನಿಗೆ ತಪ್ಪು ಕೂಡಲೇ ಗೊತ್ತಾಗುತ್ತದೆ.

ಹಕ್ಕುಕೋರಿಕೆಯ ಒಂದೊಂದು ಪದ

ನಿಯಮ ಬಿಗಿಯಾದ ಮೇಲೆ ಪ್ರತಿಯೊಬ್ಬ ತಯಾರಕನಿಗೂ ಇಂತಹ ಒಂದು ಪರಿಹಾರ ಬೇಕೇಬೇಕಾಯಿತು. ಚೀನಾದ ಝೆಜಿಯಾಂಗ್ ಪ್ರಾಂತದ ಜನರಲ್ ಪ್ರೊಟೆಕ್ಟ್ ಗ್ರೂಪ್ ತನ್ನದೇ ವಿನ್ಯಾಸದ ಸಾಕೆಟ್‌ಗಳನ್ನು ಅಮೆರಿಕಕ್ಕೆ ಕಳುಹಿಸುತ್ತಿತ್ತು. 2004 ಮತ್ತು 2005ರಲ್ಲಿ ಲೆವಿಟನ್ ತನ್ನ ಪೇಟೆಂಟುಗಳ ಉಲ್ಲಂಘನೆಯಾಗಿದೆ ಎಂದು ದಾವೆ ಹೂಡಿತು. ವಿಚಾರಣೆ ನ್ಯೂ ಮೆಕ್ಸಿಕೋದ ನ್ಯಾಯಾಲಯದಲ್ಲಿ ನಡೆದು, 2007ರ ಅಕ್ಟೋಬರ್‌ನಲ್ಲಿ ರಾಜಿಯಾಯಿತು.

ಅದೇ ವರ್ಷ ಇನ್ನೊಂದು ಅಮೆರಿಕನ್ ಕಂಪನಿ, ಪಾಸ್ ಅಂಡ್ ಸೀಮೋರ್, ಬೇರೆ ಪೇಟೆಂಟುಗಳನ್ನು ಹಿಡಿದು ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ಹೆಸರು ಏನೇ ಇದ್ದರೂ ಇದು ಅಮೆರಿಕ ಸರ್ಕಾರದ್ದೇ ಸಂಸ್ಥೆ. ಪೇಟೆಂಟ್ ಉಲ್ಲಂಘಿಸುವ ಸರಕು ದೇಶದೊಳಗೆ ಬಾರದಂತೆ ಬಂದರಿನಲ್ಲೇ ತಡೆಯುವ ಅಧಿಕಾರ ಇದಕ್ಕಿದೆ. 2009ರಲ್ಲಿ ಆಯೋಗ ಚೀನಾದ ಕೆಲವು ತಯಾರಕರ ಸಾಕೆಟ್‌ಗಳ ಆಮದನ್ನು ನಿಷೇಧಿಸಿತು.

ತಯಾರಕರು ಮೇಲ್ಮನವಿ ಸಲ್ಲಿಸಿದರು. ಇಲ್ಲಿ ಪೇಟೆಂಟಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಪೇಟೆಂಟ್ ದಾಖಲೆಯಲ್ಲಿ ಚಿತ್ರ ಮತ್ತು ವಿವರಣೆ ಇರುತ್ತವೆ. ಆದರೆ ಆಸ್ತಿಯ ಗಡಿಯನ್ನು ಗುರುತಿಸುವುದು ಕೊನೆಯಲ್ಲಿರುವ ಹಕ್ಕುಕೋರಿಕೆ ಎಂಬ ವಾಕ್ಯಗಳು. ಹೊಲದ ನಾಲ್ಕು ದಿಕ್ಕಿನ ಚಕ್ಕುಬಂದಿ ಇದ್ದ ಹಾಗೆ. ಹಕ್ಕುಕೋರಿಕೆಯಲ್ಲಿ ಹೇಳಿದ ಎಲ್ಲ ಅಂಶಗಳೂ, ಅಥವಾ ಅವುಗಳಿಗೆ ಸಮಾನವಾದವು, ಎದುರಾಳಿಯ ಸಾಧನದಲ್ಲಿ ಇದ್ದರೆ ಮಾತ್ರ ಉಲ್ಲಂಘನೆ. ಒಂದು ಇಲ್ಲದಿದ್ದರೂ ಉಲ್ಲಂಘನೆಯಿಲ್ಲ. ‘ಇಬ್ಬರ ಸಾಧನವೂ ಒಂದೇ ಕೆಲಸ ಮಾಡುತ್ತದಲ್ಲ’ ಎಂದರೆ ಸಾಲದು. ಜನರಲ್ ಪ್ರೊಟೆಕ್ಟ್‌ನ ವಾದವೂ ಇದೇ ಆಗಿತ್ತು: ಇತರರು ಯಾಂತ್ರಿಕ ಕೊಂಡಿಯಿಂದ ಮಾಡುವುದನ್ನು ತಾನು ಶಾಶ್ವತ ಕಾಂತದ ನೆರವಿನಿಂದ ಮಾಡುತ್ತೇನೆ, ದಾರಿಯೇ ಬೇರೆ.

2010ರ ಆಗಸ್ಟ್‌ನಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಆಯೋಗದ ತೀರ್ಮಾನವನ್ನು ಭಾಗಶಃ ಎತ್ತಿಹಿಡಿದು ಭಾಗಶಃ ತಳ್ಳಿಹಾಕಿತು. ಜನರಲ್ ಪ್ರೊಟೆಕ್ಟ್ ವಿರುದ್ಧದ ಉಲ್ಲಂಘನೆಯ ತೀರ್ಮಾನ ನಿಲ್ಲಲಿಲ್ಲ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮರುತಿಂಗಳೇ ಲೆವಿಟನ್ ಅದೇ ಕಂಪನಿಯ ಮೇಲೆ ಹೊಸ ದಾವೆ ಹೂಡಿತು. ಈ ಬಾರಿ ಹಿಡಿದದ್ದು ಹಳೆಯ ಅರ್ಜಿಯ ಮುಂದುವರಿಕೆಯಾಗಿ ಪಡೆದ ಹೊಸ ಪೇಟೆಂಟುಗಳನ್ನು. ರಾಜಿಪತ್ರದಲ್ಲಿ ಹಳೆಯ ಪೇಟೆಂಟುಗಳ ಹೆಸರು ಮಾತ್ರ ಇದೆ ಎಂಬುದು ಅದರ ನಿಲುವು. 2011ರ ಜುಲೈನಲ್ಲಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅದೇ ಆವಿಷ್ಕಾರಕ್ಕೆ ಅದೇ ಸಾಧನದ ಬಗ್ಗೆ ದಾವೆ ಹೂಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಹಾಗೆಂದು ಪೇಟೆಂಟ್ ಹೊಂದಿದವರು ಯಾವಾಗಲೂ ಸೋತರು ಎಂದುಕೊಳ್ಳಬೇಡಿ. 2010ರಲ್ಲಿ ಲೆವಿಟನ್ ಆಯೋಗಕ್ಕೆ ಕೊಟ್ಟ ದೂರಿನ ಫಲವಾಗಿ, 2012ರಲ್ಲಿ ಉಲ್ಲಂಘನೆ ಮಾಡುವ ಸಾಕೆಟ್‌ಗಳು ಯಾರಿಂದಲೇ ಬರಲಿ, ಅವುಗಳ ಆಮದನ್ನು ತಡೆಯುವ ಸಾರ್ವತ್ರಿಕ ಆಜ್ಞೆ ಹೊರಟಿತು.

ನಾವು ತಿಳಿಯಬೇಕಾದದ್ದು

ಈ ಇಡೀ ಹೋರಾಟದಲ್ಲಿ ‘ಆಘಾತದಿಂದ ಮನುಷ್ಯನನ್ನು ಉಳಿಸುವುದು ನನ್ನ ಸೊತ್ತು’ ಎಂದು ಯಾರೂ ಹೇಳಲಿಲ್ಲ. ಹೇಳಲು ಕಾನೂನು ಬಿಡುವುದೂ ಇಲ್ಲ. ಉದ್ದೇಶ ಎಲ್ಲರದು. ಅಲ್ಲಿಗೆ ತಲುಪಿಸುವ ಒಂದು ನಿರ್ದಿಷ್ಟ ದಾರಿ ಮಾತ್ರ ಕೆಲವು ವರ್ಷಗಳ ಮಟ್ಟಿಗೆ ಒಬ್ಬರದು. ಪೇಟೆಂಟ್ ಒಂದು ದಾರಿಯನ್ನು ಮುಚ್ಚಿದಾಗ ಇನ್ನೊಬ್ಬ ಎಂಜಿನಿಯರ್ ಎರಡನೆಯದನ್ನು ಹುಡುಕುತ್ತಾನೆ. ಬಳಕೆದಾರನಿಗೆ ಅದರಿಂದ ಲಾಭವೇ. ಅಪಾಯ ಇರುವುದು ಗಡಿ ಮಸುಕಾದಾಗ. ವ್ಯಾಜ್ಯದ ಖರ್ಚಿಗೆ ಹೆದರಿ ಸಣ್ಣ ತಯಾರಕ ತೆರೆದ ದಾರಿಯನ್ನೂ ತುಳಿಯದೆ ಹಿಂದೆ ಸರಿಯಬಹುದು. ಕಡ್ಡಾಯವಾದ ಸಾಧನ ಕೆಲವೇ ಕೈಗಳಲ್ಲಿ ಉಳಿದು ದುಬಾರಿಯಾದರೆ, ಅದರ ಬೆಲೆ ತೆರುವವರು ಅದನ್ನು ಕೊಳ್ಳಲಾಗದ ಮನೆಯವರು.

ಭಾರತದ 1970ರ ಪೇಟೆಂಟ್ ಕಾಯಿದೆಯೂ ಪ್ರತಿ ದಾಖಲೆಯ ಕೊನೆಯಲ್ಲಿ ಆವಿಷ್ಕಾರದ ವ್ಯಾಪ್ತಿಯನ್ನು ನಿರೂಪಿಸುವ ಹಕ್ಕುಕೋರಿಕೆ ಇರಬೇಕೆಂದು ವಿಧಿಸುತ್ತದೆ. ಇಲ್ಲಿ ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ.

ಶಿಕ್ಷಕರಿಗೆ ಒಂದು ಸಲಹೆ. ಪೇಟೆಂಟ್ ದಾಖಲೆಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಡಾಲ್‌ಜಿಯೆಲ್ ಅವರ ಪೇಟೆಂಟಿನ ಸಂಖ್ಯೆ 3213321. ಪ್ರೇರಣೆಯ ಪಾಠ ಮುಗಿದ ಮೇಲೆ ಅದರ ಚಿತ್ರವನ್ನು ತರಗತಿಯಲ್ಲಿಟ್ಟು, ಹಕ್ಕುಕೋರಿಕೆಯ ಒಂದು ವಾಕ್ಯವನ್ನು ಮಕ್ಕಳಿಂದ ಬಿಡಿಬಿಡಿಯಾಗಿ ಓದಿಸಿ. ಯಾವ ಅಂಶವನ್ನು ಕೈಬಿಟ್ಟು ಅಥವಾ ಬದಲಿಸಿ ಅದೇ ಕೆಲಸ ಮಾಡಿಸಬಹುದು ಎಂದು ಕೇಳಿ. ಜೊತೆಗೆ, ನಿಮ್ಮ ಶಾಲೆಯಲ್ಲಿ ಆರ್‌ಸಿಸಿಬಿ ಇದ್ದರೆ ತಯಾರಕರು ಸೂಚಿಸಿದ ಅವಧಿಗೊಮ್ಮೆ ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ. ಅದು ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಲು ತಡಮಾಡಬೇಡಿ.