ಉಕ್ಕಿನ ಫಲಕ, ಸಿಡಿಚೂರು ಮತ್ತು ವಿ-50

ಶೆಲ್ ಸಿಡಿದಾಗ ಹಾರುವ ಚೂರುಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಆದ್ದರಿಂದ ಕವಚದ ಉಕ್ಕನ್ನು ಪರೀಕ್ಷಿಸುವವರು ಅಳತೆಗೆ ಸರಿಯಾಗಿ ಕಡೆದ ಅಣಕು ಚೂರನ್ನು ಕೋವಿಯಿಂದ ಹಾರಿಸುತ್ತಾರೆ. ಅದರ ಮೂತಿ ಮೊಂಡು, ಮೂತಿಯ ಎರಡು ಬದಿ ಉಳಿಯಂತೆ ಇಳಿಜಾರು. ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ ಸುಮಾರು 30. 12.7 ಮಿ.ಮೀ. ವ್ಯಾಸದ್ದು 13.4 ಗ್ರಾಂ ತೂಗುತ್ತದೆ, 20 ಮಿ.ಮೀ.ನದು ಸುಮಾರು 54 ಗ್ರಾಂ.

ಪರೀಕ್ಷೆಯ ಫಲ ವಿ-50 ಎಂಬ ಒಂದೇ ಸಂಖ್ಯೆ. ಆ ವೇಗದಲ್ಲಿ ಬಡಿದ ಚೂರು ಫಲಕವನ್ನು ತೂರುವ ಸಂಭವ ಅರ್ಧಕ್ಕರ್ಧ. ಒಂದು ಹೊಡೆತ ತೂರಿದರೆ ಮುಂದಿನದಕ್ಕೆ ಮದ್ದು ಇಳಿಸುತ್ತಾರೆ, ತಡೆದರೆ ಏರಿಸುತ್ತಾರೆ. ಕೊನೆಗೆ ತೂರಿದವುಗಳಲ್ಲಿ ಅತಿ ನಿಧಾನದವನ್ನೂ ತಡೆಯಲ್ಪಟ್ಟವುಗಳಲ್ಲಿ ಅತಿ ವೇಗದವನ್ನೂ ಸಮಸಂಖ್ಯೆಯಲ್ಲಿ ಆಯ್ದು ಸರಾಸರಿ ಕಟ್ಟುತ್ತಾರೆ.

ತೂರಿತೆಂದು ತೀರ್ಮಾನಿಸುವವರು ಯಾರು? ಅಮೆರಿಕದ ಸೇನಾ ಮಾನದಂಡ 662-ಎಫ್ (1997) ಈ ಕೆಲಸವನ್ನು ಒಂದು ತೆಳು ತಗಡಿಗೆ ವಹಿಸಿದೆ. ಫಲಕದ ಹಿಂದೆ ಸುಮಾರು 15 ಸೆಂ.ಮೀ. ದೂರದಲ್ಲಿ ಅರ್ಧ ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ ನಿಲ್ಲಿಸಿ, ಹೊಡೆತದ ನಂತರ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಬೆಳಕು ತೂರಿ ಬಂದರೆ ಫಲಕ ಸೋತಂತೆ. ಚೂರು ಫಲಕದಲ್ಲೇ ಸಿಕ್ಕಿಕೊಂಡಿದ್ದರೂ ಸರಿ, ಫಲಕದ ಬೆನ್ನಿಂದ ಎದ್ದ ಚಕ್ಕೆ ಹಾಳೆಯನ್ನು ತೂತು ಮಾಡಿದರೆ ಸಾಕು. ಹಿಂದೆ ಅಮೆರಿಕದ ನೌಕಾಪಡೆಯ ಕ್ರಮದಲ್ಲಿ ಉತ್ಕ್ಷೇಪಕವೇ ಫಲಕ ದಾಟಿ ಹೋಗಬೇಕಿತ್ತು. ಭೂಸೇನೆಯ ಕ್ರಮದಲ್ಲಿ ಫಲಕದ ಬೆನ್ನಲ್ಲಿ ಬೆಳಕೋ ಮೂತಿಯೋ ಕಂಡರೆ ಸಾಕಿತ್ತು. ಹೀಗಾಗಿ ಒಂದೇ ಫಲಕಕ್ಕೆ ಬೇರೆ ಬೇರೆ ವಿ-50 ಸಿಗಬಹುದು. ಹಳೆಯ ವರದಿಗಳ ಅಂಕಿಗಳನ್ನು ಹೊಸ ಕೋಷ್ಟಕಕ್ಕೆ ಹಾಗೆಯೇ ಎತ್ತಿಹಾಕುವವರು ಇದನ್ನು ಗಮನಿಸುವುದು ಕಡಿಮೆ.

ಸರಾಸರಿಯೊಳಗೆ ಹರವು ಮರೆಯಾಗುವುದು ಇನ್ನೊಂದು ತೊಡಕು. ಎರಡು ಫಲಕಗಳ ವಿ-50 ಸೆಕೆಂಡಿಗೆ 900 ಮೀ. ಎಂದುಕೊಳ್ಳೋಣ, ಒಂದರ ಪ್ರಮಾಣಿತ ವಿಚಲನೆ 10, ಇನ್ನೊಂದರದು 40. ಸಾಮಾನ್ಯ ವಿತರಣೆಯ ಪ್ರಕಾರ, 840ರ ವೇಗದಲ್ಲಿ ಮೊದಲನೆಯದನ್ನು ಏನೂ ತೂರದು ಎನ್ನಬಹುದು. ಎರಡನೆಯದನ್ನು ನೂರರಲ್ಲಿ ಆರೇಳು ಚೂರು ತೂರುತ್ತವೆ. ಹಿಂದೆ ಕೂತವನಿಗೆ ಬೇಕಾದದ್ದು ಈ ಲೆಕ್ಕ.

ಗಡಸು ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆ ಮೊಂಡು ಚೂರಿನ ಮುಂದೆ ನಿಲ್ಲುವುದಿಲ್ಲ. ಮೂತಿಯ ಅಂಚಿನ ಸುತ್ತ ಉಕ್ಕು ಮೈಕ್ರೋಸೆಕೆಂಡುಗಳಲ್ಲಿ ಜರುಗುತ್ತದೆ. ಹುಟ್ಟಿದ ಶಾಖ ಹರಡಲು ಸಮಯವಿಲ್ಲ. ಆ ಕಿರಿದಾದ ಪಟ್ಟಿ ಮೆತ್ತಗಾಗಿ, ಇನ್ನಷ್ಟು ಜರುಗಿ, ಇನ್ನಷ್ಟು ಕಾಯುತ್ತದೆ. ಸಂಶೋಧಕರಾದ ಝೀನರ್ ಮತ್ತು ಹಾಲೊಮನ್ 1944ರಲ್ಲೇ ವಿವರಿಸಿದ ಕ್ರಿಯೆ ಇದು. ಕೊನೆಗೆ ಪಂಚ್ ಪ್ರೆಸ್ಸಿನಲ್ಲಿ ಆದಂತೆ ಒಂದು ಬಿಲ್ಲೆ ಕಳಚಿ ಹಾರುತ್ತದೆ. ಮೆದು ಉಕ್ಕಾದರೆ ಉಬ್ಬಿ, ಬಾಗಿ, ಹೆಚ್ಚು ಶಕ್ತಿಯನ್ನು ನುಂಗಿಕೊಳ್ಳುತ್ತದೆ. ಹಾಗೆಂದು ಮೆದು ಉಕ್ಕೇ ಮೇಲೆಂದೂ ಅಲ್ಲ. ದಪ್ಪ ಮತ್ತು ಬಡಿಯುವ ಕೋನ ಬದಲಾದರೆ ಫಲಿತಾಂಶವೂ ತಿರುಗಬಹುದು.

ಆದ್ದರಿಂದ ವಿ-50ರ ಜೊತೆಗೆ ತೂತಿನ ಅಡ್ಡಕೊಯ್ತದ ಚಿತ್ರವೂ ವರದಿಯಲ್ಲಿರಬೇಕೆಂಬುದು ನನ್ನ ಅಭಿಪ್ರಾಯ. ನೈಟಾಲ್ ಎಂಬ ಆಮ್ಲದ್ರಾವಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಡಸು ಉಕ್ಕಿನ ಆ ಪಟ್ಟಿ ಬಿಳಿಗೆರೆಯಾಗಿ ಎದ್ದು ಕಾಣುತ್ತದೆ, ಅಗಲ ಹತ್ತಾರು ಮೈಕ್ರಾನ್ ಮಾತ್ರ.