ಏಳನೆಯ ನಿಜಾಮರು: ನಮ್ಮ ಸೀಮೆಯ ತಕ್ಕಡಿಯಲ್ಲಿ

ಪ್ರತಿವರ್ಷ ಸೆಪ್ಟೆಂಬರ್ 17ರಂದು ಕೃಷ್ಣೆಯ ಎರಡೂ ದಡಗಳಲ್ಲಿ ಧ್ವಜ ಏರುತ್ತದೆ. ರಾಯಚೂರಿನ ಕಡೆ ಬಹುಕಾಲ 'ವಿಮೋಚನಾ ದಿನ' ಎನಿಸಿದ್ದ ಆ ದಿನ 2019ರಿಂದ 'ಕಲ್ಯಾಣ ಕರ್ನಾಟಕ ಉತ್ಸವ'ವಾಗಿದೆ. ಮಕ್ತಲ್ ಕಡೆ 2022ರಲ್ಲಿ ಅದು 'ರಾಷ್ಟ್ರೀಯ ಸಮಗ್ರತಾ ದಿನ'ವಾಗಿತ್ತು, 2024ರಲ್ಲಿ 'ಪ್ರಜಾಪಾಲನಾ ದಿನೋತ್ಸವ'ವಾಯಿತು. ಒಂದೇ ದಿನಕ್ಕೆ ಇಷ್ಟು ಹೆಸರುಗಳೇಕೆ? ಅಂದು ಅಧಿಕಾರ ಕಳೆದುಕೊಂಡ ದೊರೆಯ ಕುರಿತ ತೀರ್ಪು ಇನ್ನೂ ಇತ್ಯರ್ಥವಾಗಿಲ್ಲ ಎಂಬುದೇ ಕಾರಣವೆಂದು ನಮಗೆ ತೋರುತ್ತದೆ.

ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದರು. 1948ರ ಪೊಲೀಸ್ ಕಾರ್ಯಾಚರಣೆಯಿಂದ ಅವರ ಪ್ರಭುತ್ವ ಮುಗಿದರೂ ಪದವಿ ಪೂರ್ಣವಾಗಿ ಹೋಗಲಿಲ್ಲ. 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ಮರುದಿನ ಆ ರಾಜ್ಯವೇ ಮೂರು ಪಾಲಾಯಿತು. ರಾಯಚೂರು ಜಿಲ್ಲೆಯ ಗದ್ವಾಲ್, ಆಲಂಪುರ ತಾಲ್ಲೂಕುಗಳು ಹಾಗೂ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮೊದಲಿನಿಂದಲೂ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದ ನಾರಾಯಣಪೇಟೆ, ಮಕ್ತಲ್ ಅಲ್ಲಿಯೇ ಉಳಿದವು.

ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ 1953ರಲ್ಲಿ ಅಧಿಕಾರ ಬಿಟ್ಟಾಗ ಅವರನ್ನು ಮೆಚ್ಚುವವರು ಅಲ್ಪಸಂಖ್ಯಾತರಾಗಿದ್ದರು. ಮುಂದೆ ಇತಿಹಾಸಕಾರರು ಅವರಿಗೆ ಉನ್ನತ ಸ್ಥಾನ ಕೊಟ್ಟರು. ಕಾಲ ಸರಿದಂತೆ ತೀರ್ಪು ಮೃದುವಾಗುವುದುಂಟು. ಆದರೆ ಟ್ರೂಮನ್ನರನ್ನು ಆರಿಸಿದವರು ಪ್ರಜೆಗಳು. ನಿಜಾಮರನ್ನು ನಮ್ಮ ಹಿರಿಯರು ಆರಿಸಲೂ ಇಲ್ಲ, ಇಳಿಸುವ ಮಾರ್ಗವೂ ಅವರಿಗಿರಲಿಲ್ಲ. ಆದ್ದರಿಂದ ನಾವು ಹಿಡಿಯುವ ತಕ್ಕಡಿ ಬೇರೆಯದಾಗಿರಬೇಕು.

ಮೊದಲು ಭಾಷೆಯ ಲೆಕ್ಕ ನೋಡೋಣ. ನಿಜಾಮರ ಪ್ರಜೆಗಳಲ್ಲಿ ನೂರಕ್ಕೆ ಸುಮಾರು 11 ಜನ ಕನ್ನಡಿಗರು, ಹತ್ತಿರಹತ್ತಿರ ಅರ್ಧದಷ್ಟು ತೆಲುಗರು. ಆಡಳಿತ ಮಾತ್ರ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಇಂಗ್ಲಿಷನ್ನು ಬಿಟ್ಟು ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ್ದು ಆ ಕಾಲಕ್ಕೆ ಧೀರ ಪ್ರಯೋಗವೇ ಸರಿ. ಆದರೆ ಆ ದೇಶಭಾಷೆ ನಾರಾಯಣಪೇಟೆಯ ನೇಕಾರನ ಮನೆಮಾತಾಗಿರಲಿಲ್ಲ, ಗದ್ವಾಲಿನ ರೈತನದೂ ಆಗಿರಲಿಲ್ಲ. 1951ರ ಜನಗಣತಿಯ ವೇಳೆಗೂ ಆ ರಾಜ್ಯದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಓದುಬರಹ ಬರುತ್ತಿರಲಿಲ್ಲ. ಸಭೆ ಸೇರಲು ಸರಕಾರದ ಅಪ್ಪಣೆ ಬೇಕಿತ್ತು. ಇಷ್ಟಾದರೂ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿಯೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ಬಾಗಿಲು ಸಂಪೂರ್ಣ ಮುಚ್ಚಿತ್ತೆನ್ನುವುದು ತಪ್ಪು. ತೆರೆದಿತ್ತೆನ್ನುವುದು ಇನ್ನೂ ದೊಡ್ಡ ತಪ್ಪು.

ಜಮಾ ಪಟ್ಟಿಯಲ್ಲಿ ನೀರು ಮತ್ತು ದಾರಿ ಇವೆ. 1932ರಲ್ಲಿ ನಿಜಾಮ್ ರೈಲ್ವೆಯೇ ಬಸ್ಸು ಓಡಿಸತೊಡಗಿತು. ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿದ ಕಮಾನು ಸೇತುವೆ ಅವರ ಕಾಲದ್ದು. ಇಂದಿಗೂ ನಾವು ನೆಂಟರ ಮನೆಗೆ ದಾಟುವುದು ಅಲ್ಲಿಯೇ. ತುಂಗಭದ್ರೆಯ ನೀರಿಗಾಗಿ ಮದ್ರಾಸಿನೊಡನೆ 1944ರಲ್ಲಿ ಒಪ್ಪಂದವಾಗಿ, 1945ರ ಫೆಬ್ರವರಿ 28ರಂದು ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಅವರ ಕಾಲದಲ್ಲಿ ರೂಪುಗೊಂಡು ಸ್ವಾತಂತ್ರ್ಯಾನಂತರ ಪೂರ್ಣಗೊಂಡ ರಾಜೋಳಿಬಂಡಾ ಕಾಲುವೆ ಗದ್ವಾಲ್, ಆಲಂಪುರಗಳ ಹೊಲಗಳಿಗೆ ನೀರು ತಂದಿತು. ಈಗ ಕಾಲುವೆಯ ತಲೆ ಕರ್ನಾಟಕದಲ್ಲಿದೆ, ತುದಿ ತೆಲಂಗಾಣದಲ್ಲಿದೆ. ನೀರು ಕಡಿಮೆಯಾದ ವರ್ಷ ಜಗಳ ಎರಡೂ ಕಡೆ. ಇವೆಲ್ಲ ನಡೆದದ್ದು ರೈತ ಕಟ್ಟಿದ ಕಂದಾಯದಿಂದ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು. ಜಾಗೀರುಗಳು ರದ್ದಾದದ್ದು ಅವರ ಪ್ರಭುತ್ವ ಮುಗಿದ ಮೇಲೆ, 1949ರಲ್ಲಿ.

ಖರ್ಚಿನ ಪಟ್ಟಿಯಲ್ಲಿ ಅತ್ಯಂತ ಭಾರವಾದದ್ದು 1947-48ರ ಹದಿನೈದು ತಿಂಗಳು. 1947ರ ಜೂನ್ ತಿಂಗಳ ಫರ್ಮಾನಿನಲ್ಲಿ ಭಾರತಕ್ಕೆ ಸೇರುವುದಿಲ್ಲವೆಂದರು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ನಡುಗಿಸಿದರು. ಬೀದರ್ ಸೀಮೆಯ ಗೋರಟಾದ ರಕ್ತಪಾತವನ್ನು ಮರೆಯಲು ಸಾಧ್ಯವಿಲ್ಲ. ತಾವು ರಜ್ವಿಯ ಕೈಸೆರೆಯಾಗಿದ್ದಂತೆ ನಿಜಾಮರು ಆಮೇಲೆ ಹೇಳಿಕೊಂಡರು. ಮೂವತ್ತಾರು ವರ್ಷ ಎಲ್ಲ ಅಧಿಕಾರವನ್ನೂ ತಮ್ಮೊಬ್ಬರ ಕೈಯಲ್ಲಿಟ್ಟುಕೊಂಡವರಿಗೆ ಈ ಮಾತು ರಕ್ಷಣೆಯಾಗಲಾರದು. ಆದರೆ ಕಾರ್ಯಾಚರಣೆಯ ನಂತರ ಕಲಬುರಗಿ, ಬೀದರ್ ಮೊದಲಾದ ಜಿಲ್ಲೆಗಳಲ್ಲಿ ನಿರಪರಾಧಿ ಮುಸಲ್ಮಾನರು ದೊಡ್ಡ ಸಂಖ್ಯೆಯಲ್ಲಿ ಹತರಾದರೆಂಬುದು ಪಂಡಿತ ಸುಂದರಲಾಲ್ ಸಮಿತಿಯ ವರದಿಯಲ್ಲಿದೆ. ಒಬ್ಬರ ಕಣ್ಣೀರನ್ನು ದಾಖಲಿಸಿ ಇನ್ನೊಬ್ಬರದನ್ನು ಒರೆಸಿಬಿಡುವುದು ಇತಿಹಾಸವಾಗದು.

ಹೊಗಳಿಕೆಯ ಕಥೆಗಳನ್ನೂ ಹೀಗೆಯೇ ಒರೆಗೆ ಹಚ್ಚಬೇಕು. 1965ರ ಯುದ್ಧಕಾಲದಲ್ಲಿ ನಿಜಾಮರು 5,000 ಕಿಲೋ ಬಂಗಾರ ದಾನ ಮಾಡಿದರೆಂಬ ಮಾತು ನಮ್ಮೂರ ಕಟ್ಟೆಗಳಲ್ಲಿ ಈಗಲೂ ಕೇಳಿಬರುತ್ತದೆ. ಅವರು ಕೊಟ್ಟದ್ದು 425 ಕಿಲೋ. ಅದೂ ದಾನವಲ್ಲ, ಬಡ್ಡಿ ಬರುವ ರಾಷ್ಟ್ರೀಯ ರಕ್ಷಣಾ ಸ್ವರ್ಣಪತ್ರಗಳಲ್ಲಿ ತೊಡಗಿಸಿದ್ದು. ದೇಶಕ್ಕೆ ಅದರಿಂದ ಉಪಕಾರವಾಯಿತು. ಆದರೆ ಹೂಡಿಕೆಯನ್ನು ದಾನವೆನ್ನಲಾಗದು.

ಹಾಗಾದರೆ ನಮ್ಮ ತೀರ್ಪೇನು? ಕಟ್ಟಡ, ಕಾಲುವೆ, ಸೇತುವೆಗಳನ್ನು ಉಳಿಸಿಹೋದ ದೊರೆ ಅವರು, ನಿಜ. ಆದರೆ ಪ್ರಜೆಗಳ ನುಡಿಗೆ ಕಚೇರಿಯಲ್ಲಿ ಜಾಗ ಕೊಡಲಿಲ್ಲ, ಪ್ರಜೆಗಳ ಇಚ್ಛೆಯನ್ನು ಕೊನೆಯ ಗಳಿಗೆಯಲ್ಲೂ ಕೇಳಲಿಲ್ಲ. ನಮ್ಮ ತಕ್ಕಡಿಯಲ್ಲಿ ಈ ಎರಡನೆಯ ತಟ್ಟೆಯೇ ಕೆಳಗಿಳಿಯುತ್ತದೆ. ಆದರೂ 1956ರ ಗಡಿಯ ಹೊಣೆಯನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅದನ್ನು ಎಳೆದದ್ದು ಸ್ವತಂತ್ರ ಭಾರತದ ಸಂಸತ್ತು. ಕನ್ನಡ ಶಾಲೆಗಾಗಿ ನಾವು ಇಂದು ಸಲ್ಲಿಸುವ ಮನವಿ ಯಾವ ನಿಜಾಮನಿಗೂ ಅಲ್ಲ, ನಾವೇ ಆರಿಸಿದ ಸರಕಾರಕ್ಕೆ. ಅವರನ್ನು ತೂಗಿದ ತಕ್ಕಡಿಯಲ್ಲಿಯೇ ಇವರನ್ನೂ ತೂಗಬೇಕು.

ಇನ್ನೊಂದು ಮಾತು. 1948ರಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳಿಗೆ ಈಗ ತೊಂಬತ್ತು ಸಮೀಪಿಸಿದೆ. ಅವರು ಕಂಡದ್ದನ್ನು, ಹಿಂದೂ ಮನೆಯದಾಗಲಿ ಮುಸಲ್ಮಾನರ ಮನೆಯದಾಗಲಿ, ಅವರ ಬಾಯಿಂದಲೇ ಕೇಳಿ ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಸಂಘವು ಈ ವರ್ಷವೇ ಕೈಗೊಳ್ಳಲಿ. ಪ್ರತಿ ಕುಟುಂಬವೂ ತನ್ನ ಮನೆಯ ಹಿರಿಯರಿಂದ ಆರಂಭಿಸಬಹುದು.