ಅನಿಮಿತ್ತರುಜೆ: ಕಲಾದಗಿ ಸೀಮೆಯ ದಂತಶೂಲೆಯನ್ನು ಕುರಿತ ಒಂದು ವಿಚಾರ

ಸುಶ್ರುತಸಂಹಿತೆಯ ನಿದಾನಸ್ಥಾನದ ೧೬ನೆಯ ಅಧ್ಯಾಯದಲ್ಲಿ ಮುಖರೋಗಗಳು ೬೫ ಎಂದು ಎಣಿಸಲ್ಪಟ್ಟಿವೆ. ಅವುಗಳಲ್ಲಿ ದಂತಮೂಲಕ್ಕೆ ಸೇರಿದುವು ೧೫. ದಂತಕ್ಕೆ ಸೇರಿದುವು ೮. ಈ ಎಂಟರಲ್ಲಿ ಒಂದಾದ ಕೃಮಿದಂತಕದ ಲಕ್ಷಣವನ್ನು ಹೇಳುವಾಗ ಆಚಾರ್ಯನು, ಹಲ್ಲು ಕಪ್ಪಾಗುವುದು, ತೂತುಬೀಳುವುದು, ಅಲುಗುವುದು, ಸ್ರವಿಸುವುದು, ಬಾವಿನೊಡನೆ ಮಹಾವೇದನೆಯನ್ನುಂಟುಮಾಡುವುದು ಎಂದು ವಿವರಿಸಿ, ಕೊನೆಗೆ 'ಅನಿಮಿತ್ತರುಜ' ಎಂಬ ವಿಶೇಷಣವೊಂದನ್ನು ಸೇರಿಸಿದ್ದಾನೆ. ಕಾರಣವು ಕಾಣದೆಯೇ ನೋಯುವುದು ಎಂದು ಇದರ ಮೇಲ್ನೋಟದ ಅರ್ಥ. ಈ ಒಂದು ಪದದ ನಿಜವಾದ ತಾತ್ಪರ್ಯವೇನು, ಕಲಾದಗಿ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೊಳಗೊಂಡ ಸೀಮೆಯಲ್ಲಿ ದಂತಶೂಲೆಗೆ ಜನರು ಹುಡುಕಿದ ಪರಿಹಾರಗಳ ಚರಿತ್ರೆಯನ್ನು ತಿಳಿಯಲು ಅದು ಹೇಗೆ ನೆರವಾಗುತ್ತದೆ ಎಂಬುದೇ ಇಲ್ಲಿಯ ವಿಚಾರ.

ಮೊದಲು ಶಬ್ದಾರ್ಥವನ್ನು ನಿರ್ಣಯಿಸಬೇಕು. ಅನಿಮಿತ್ತವೆಂದರೆ ಕಾರಣವೇ ಇಲ್ಲದ್ದು ಎಂದು ಹೇಳುವಂತಿಲ್ಲ. ಏಕೆಂದರೆ ಅದೇ ಶ್ಲೋಕದಲ್ಲಿ ಈ ರೋಗವು ವಾತದಿಂದುಂಟಾದುದೆಂದು ಸ್ಪಷ್ಟವಾಗಿ ಹೇಳಿದೆ. ಹೇತು ಬೇರೆ, ನಿಮಿತ್ತ ಬೇರೆ ಎಂದು ಪರಿಹರಿಸೋಣವೆಂದರೆ ಅದೂ ಸಲ್ಲದು. ಅದೇ ಪ್ರಕರಣದ ದಾಲನವೆಂಬ ರೋಗದ ಲಕ್ಷಣದಲ್ಲಿ ವಾತವನ್ನೇ ನಿಮಿತ್ತವೆಂದು ಕರೆದಿದೆ. ಆದುದರಿಂದ ಪ್ರಕರಣವನ್ನು ನೋಡಿಯೇ ಅರ್ಥಮಾಡಬೇಕಾಗುತ್ತದೆ. ದಂತಹರ್ಷವೆಂಬ ಮತ್ತೊಂದು ರೋಗದಲ್ಲಿ ಹಲ್ಲುಗಳು ಶೀತೋಷ್ಣಗಳನ್ನೂ ಸ್ಪರ್ಶವನ್ನೂ ತಾಳಲಾರವು ಎಂದಿದೆ. ಅಲ್ಲಿ ನೋವಿಗೆ ಹೊರಗಿನ ಪ್ರೇರಣೆಯುಂಟು: ತಣ್ಣೀರು ತಾಕಿದರೆ ನೋಯುವುದು, ತಾಕದಿದ್ದರೆ ಇಲ್ಲ. ಕೃಮಿದಂತಕದಲ್ಲಿ ಹಾಗಲ್ಲ; ಅಗಿಯದಿದ್ದರೂ, ಮುಟ್ಟದಿದ್ದರೂ, ಮಲಗಿದ್ದರೂ ನೋವು ತಾನಾಗಿ ಏಳುವುದು. ಹೊರಗಿನ ಪ್ರೇರಣೆಯನ್ನು ಅಪೇಕ್ಷಿಸದ ನೋವೆಂಬುದೇ ಅನಿಮಿತ್ತರುಜೆಯ ಅರ್ಥವೆಂದು ಇದರಿಂದ ತಿಳಿಯಬರುತ್ತದೆ.

ಈ ಭೇದವು ಕೇವಲ ಶಬ್ದವಿಲಾಸವಲ್ಲ. ಇಂದಿನ ದಂತವೈದ್ಯರು ರೋಗಿಯನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ತಣ್ಣನೆಯದು ತಾಕಿದಾಗ ಮಾತ್ರ ಚುಳ್ಳೆಂದು ಬೇಗನೆ ಶಮಿಸುವ ನೋವಾದರೆ ಹಲ್ಲಿನೊಳಗಿನ ಮಜ್ಜೆಯನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ತಾನಾಗಿಯೇ ಎದ್ದು, ಬಹಳ ಹೊತ್ತು ನಿಂತು, ರಾತ್ರಿ ನಿದ್ರೆಯನ್ನು ಕೆಡಿಸುವ ನೋವಾದರೆ ಮಜ್ಜೆಯು ಮರಳಿ ಸುಧಾರಿಸದ ಸ್ಥಿತಿಗೆ ಬಂದಿರುವ ಸಂಭವವೇ ಹೆಚ್ಚು. ಆಗ ಆ ಮಜ್ಜೆಯನ್ನು ತೆಗೆದು ಬೇರಿನ ನಾಳವನ್ನು ಶುದ್ಧಿಮಾಡಬೇಕು, ಇಲ್ಲವೆ ಹಲ್ಲನ್ನೇ ಕೀಳಬೇಕು.

ಪ್ರಾಚೀನರ ಚಿಕಿತ್ಸೆಯೂ ಇದೇ ವಿವೇಕವನ್ನು ಅನುಸರಿಸಿದೆ. ಹಲ್ಲು ಸ್ಥಿರವಾಗಿದ್ದರೆ ಸ್ವೇದನ, ರಕ್ತಮೋಕ್ಷಣ, ಸ್ನೇಹಗಂಡೂಷ, ಲೇಪ ಮೊದಲಾದುವುಗಳು; ಅಲುಗುತ್ತಿದ್ದರೆ ಕಿತ್ತು ಆ ಕುಳಿಯನ್ನು ಸುಡುವುದು. ವಾಗ್ಭಟನಾದರೋ ಹಲ್ಲಿನ ತೂತನ್ನು ಬೆಲ್ಲದಿಂದ ಅಥವಾ ಮೇಣದಿಂದ ತುಂಬಿ ಸುಡಬೇಕೆಂದಿದ್ದಾನೆ. ಆದರೆ ಮೇಲ್ದವಡೆಯ ಹಲ್ಲನ್ನು ಅಲುಗುತ್ತಿದ್ದರೂ ಕೀಳಬಾರದು, ಕಿತ್ತರೆ ಅತಿರಕ್ತಸ್ರಾವದಿಂದ ಕಣ್ಣು ಹೋಗಬಹುದು, ಅರ್ದಿತವೆಂಬ ಮುಖವಾತವುಂಟಾಗಬಹುದು ಎಂದು ಸುಶ್ರುತನ ನಿಷೇಧ. ಮೇಲ್ದವಡೆಯ ಬೇರಿನ ಕೀವು ಕಣ್ಣಿನ ಗೂಡಿಗೂ ಮಿದುಳಿನ ಕಡೆಗೂ ಹರಡಬಲ್ಲುದೆಂಬುದು ಇಂದು ತಿಳಿದ ವಿಷಯ. ಹೇಳಿದ ಕಾರಣವು ಬೇರೆಯಾದರೂ ಕಂಡ ಅಪಾಯವು ಸುಳ್ಳಲ್ಲ.

ಈ ಶಾಸ್ತ್ರವು ಸಂಸ್ಕೃತದಲ್ಲಿಯೇ ನಿಂತುಹೋಗಲಿಲ್ಲ. ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೈದ್ಯವಿಷಯವೂ ಸೇರಿದೆ. ೧೨ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹುನಗುಂದ ತಾಲ್ಲೂಕಿನ ಕೂಡಲಸಂಗಮವನ್ನು ಪುಣ್ಯಕ್ಷೇತ್ರವೆಂದು ಭಾವಿಸುವ ಶರಣಪರಂಪರೆಯಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನುಂಟು. ಅವನ ವಚನಗಳು ವೃತ್ತಿಯ ಪರಿಭಾಷೆಯಿಂದ ತುಂಬಿವೆ. ರೋಗಿಗಳಿಗೆ ಆಶ್ರಯವೆಲ್ಲಿ ದೊರೆಯುತ್ತಿತ್ತೆಂಬುದಕ್ಕೆ ದಕ್ಷಿಣದ ಬನವಾಸಿ ನಾಡಿನ ಬಳ್ಳಿಗಾವೆಯ ೧೧೬೨ರ ಶಾಸನವೊಂದು ಸಾಕ್ಷಿ: ಅಲ್ಲಿಯ ಕೋಡಿಯಮಠವು ವಿದ್ಯಾಸ್ಥಾನವಾಗಿದ್ದುದಲ್ಲದೆ ಅನಾಥರೋಗಿಗಳ ಉಪಚಾರಸ್ಥಾನವೂ ಆಗಿತ್ತು.

ಗ್ರಂಥವೂ ಮಠವೂ ದೂರವಾಗಿದ್ದ ಹಳ್ಳಿಗರ ಪಾಡು ಬೇರೆ. ಅವರಿಗೆ ಒದಗುತ್ತಿದ್ದುದು ಲವಂಗ, ಉಪ್ಪುನೀರು, ಮಂತ್ರ, ಹಾಗೂ ಹುಳ ತೆಗೆಯುವವನ ಹೊಗೆ. ಭಾರತದ ಅನೇಕ ಪ್ರಾಂತಗಳಲ್ಲಿರುವಂತೆ ಕನ್ನಡನಾಡಿನಲ್ಲಿಯೂ ನೆಲಗುಳ್ಳದ ಬೀಜವನ್ನು ಕೆಂಡದಮೇಲೆ ಹಾಕಿ, ಅದರ ಹೊಗೆಯನ್ನು ಕೊಳವೆಯಿಂದ ಹಲ್ಲಿಗೆ ತಾಕಿಸುವ ಪದ್ಧತಿಯಿತ್ತು. ಯುರೋಪಿನಲ್ಲಿ ಖುರಾಸಾನಿ ಓಮದ ಬೀಜದಿಂದ ಇದನ್ನೇ ಮಾಡುತ್ತಿದ್ದರು. ಬಿಸಿಗೆ ಬೀಜವು ಒಡೆದು ಹೊರಬೀಳುವ ಬಿಳಿಯ ಮೊಳಕೆಯನ್ನೇ ಹುಳವೆಂದು ತೋರಿಸುತ್ತಿದ್ದರು. ಹಲ್ಲಿನ ಹುಳದ ನಂಬಿಕೆಯು ಬಾಬಿಲೋನಿಯದ ಮಂತ್ರಗಳಷ್ಟು ಹಳೆಯದು. ೧೭೨೮ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರನು ಇದನ್ನು ನಿರಾಕರಿಸಿದನು. ೧೮೯೦ರಲ್ಲಿ ಮಿಲ್ಲರನೆಂಬ ವಿದ್ವಾಂಸನು, ಬಾಯಿಯ ಸೂಕ್ಷ್ಮಜೀವಿಗಳು ಆಹಾರದ ಸಿಹಿ ಮತ್ತು ಹಿಟ್ಟಿನ ಅಂಶಗಳನ್ನು ಹುಳಿಯಾಗಿ ಮಾರ್ಪಡಿಸುವುದರಿಂದ ಹಲ್ಲು ಕರಗುವುದೆಂದು ಪ್ರತಿಪಾದಿಸಿದನು.

ಹಾಗಾದರೆ ಹೊಗೆಗೂ ಮಂತ್ರಕ್ಕೂ ಶತಮಾನಗಳ ಕೀರ್ತಿ ಹೇಗೆ ಬಂತು? ಉತ್ತರವು ಅನಿಮಿತ್ತರುಜೆಯಲ್ಲಿಯೇ ಇದೆ. ಪ್ರೇರಣೆಯಿಲ್ಲದೆ ಬರುವ ಈ ನೋವು ಪ್ರೇರಣೆಯಿಲ್ಲದೆಯೇ ಹೋಗುವುದೂ ಉಂಟು. ಬಾತ ಮಜ್ಜೆಯು ಸತ್ತೊಡನೆ ನೋವು ನಿಲ್ಲುತ್ತದೆ. ಅದಕ್ಕೆ ಮೊದಲು ಯಾವ ಉಪಾಯವನ್ನು ಮಾಡಿದ್ದರೋ ಅದಕ್ಕೆ ಕೀರ್ತಿಯು ಸಲ್ಲುತ್ತದೆ. ಹೊಗೆ ಹಾಕಿಸಿಕೊಂಡವನು ಹೊಗೆಯನ್ನೂ, ಹರಕೆ ಹೊತ್ತವನು ದೇವರನ್ನೂ, ಲವಂಗವನ್ನು ಕಚ್ಚಿದವನು ಲವಂಗವನ್ನೂ ಕೊಂಡಾಡಿದನು. ಲವಂಗದ ಎಣ್ಣೆಗೆ ನೋವನ್ನು ಮರಗಟ್ಟಿಸುವ ಗುಣವು ನಿಜವಾಗಿಯೂ ಇದೆ. ಆದರೆ ಅದು ಕೊಳೆತವನ್ನು ನಿವಾರಿಸದು. ಶಮನವನ್ನೇ ಗುಣವೆಂದು ತಿಳಿದವನು ಸುಮ್ಮನಿರುವಾಗ ಸೋಂಕು ಬೇರಿನ ತುದಿಯಿಂದ ದವಡೆಗೆ ಇಳಿಯುತ್ತದೆ.

ಇನ್ನು ಕಲಾದಗಿಯ ವಿಷಯ. ಘಟಪ್ರಭೆಯ ದಡದ ಈ ಊರು ೧೮೬೪ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾಯಿತು. ೧೮೪೬ರಲ್ಲಿ ಅಮೆರಿಕದ ದಂತವೈದ್ಯನಾದ ಮಾರ್ಟನನು ಈಥರಿನ ಪ್ರಯೋಗವನ್ನು ತೋರಿಸಿ ಶಸ್ತ್ರಕ್ರಿಯೆಯ ನೋವನ್ನು ಗೆದ್ದಿದ್ದನು. ೧೮೮೪ರಲ್ಲಿ ಕೊಕೇನಿನಿಂದ ದವಡೆಯ ನರವನ್ನು ಮಾತ್ರ ಜಡಗೊಳಿಸುವ ಉಪಾಯವೂ ದೊರೆಯಿತು. ಅದರ ಮರುವರ್ಷವೇ, ೧೮೮೫ರಲ್ಲಿ, ಜಿಲ್ಲೆಯ ಮುಖ್ಯಸ್ಥಾನವು ಕಲಾದಗಿಯಿಂದ ಬಿಜಾಪುರಕ್ಕೆ ಹೋಯಿತು. ಅದೇ ದಶಕದಲ್ಲಿ ಬಂದ ರೈಲುದಾರಿಯು ಬಾದಾಮಿ, ಬಾಗಲಕೋಟೆಗಳ ಮೇಲೆ ಹಾದು ಕಲಾದಗಿಯನ್ನು ದೂರವಿಟ್ಟಿತು. ನೋವಿಲ್ಲದೆ ಹಲ್ಲು ಕೀಳುವ ವಿದ್ಯೆಯು ಲೋಕದಲ್ಲಿ ಹುಟ್ಟಿದ ಹೊತ್ತಿಗೆ ಅಧಿಕಾರವೂ ಅದನ್ನು ಹಿಂಬಾಲಿಸುವ ಸೌಕರ್ಯಗಳೂ ಈ ಊರನ್ನು ಬಿಟ್ಟುಹೋದುವು. ಭಾರತದಲ್ಲಿ ದಂತವೈದ್ಯದ ವಿದ್ಯಾಲಯವು ಮೊದಲು ಕಲಕತ್ತೆಯಲ್ಲಿ ೧೯೨೦ರಲ್ಲಿ, ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ೧೯೩೩ರಲ್ಲಿ, ಬೆಂಗಳೂರಿನಲ್ಲಿ ೧೯೫೮ರಲ್ಲಿ ಏರ್ಪಟ್ಟಿತು. ದಂತವೈದ್ಯರ ನೋಂದಣಿಯ ಕಾನೂನು ಬಂದುದು ೧೯೪೮ರಲ್ಲಿ. ಈಗ ಬಾಗಲಕೋಟೆಯಲ್ಲಿಯೇ ಬಸವೇಶ್ವರ ವಿದ್ಯಾವರ್ಧಕ ಸಂಘದ ಪಿ. ಎಂ. ನಾಡಗೌಡ ಸ್ಮಾರಕ ದಂತವೈದ್ಯ ಮಹಾವಿದ್ಯಾಲಯವಿದೆ.

ಈ ಸೀಮೆಯಲ್ಲಿ ಮತ್ತೊಂದು ಭ್ರಾಂತಿಗೂ ಅವಕಾಶವುಂಟು. ಹುನಗುಂದ, ಇಳಕಲ್ಲುಗಳ ಕಡೆಯ ಕಣಶಿಲೆಯ ನೆಲದಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಬಾಲ್ಯದಿಂದ ಅದನ್ನು ಕುಡಿದವರ ಹಲ್ಲುಗಳಲ್ಲಿ ಹಳದಿ ಅಥವಾ ಕಂದು ಕಲೆಗಳು ಮೂಡುತ್ತವೆ. ಇದು ಹುಳುಕಲ್ಲ, ಸಾಮಾನ್ಯವಾಗಿ ನೋವನ್ನೂ ಕೊಡದು. ಬಣ್ಣವನ್ನು ಮಾತ್ರ ನೋಡಿ ಇದನ್ನು ಸುಶ್ರುತೋಕ್ತವಾದ ಶ್ಯಾವದಂತಕವೆಂದು ಸಮೀಕರಿಸುವುದು ಸಾಹಸವಾದೀತು. ರಕ್ತಪಿತ್ತಗಳಿಂದ ಹಲ್ಲು ಸುಟ್ಟಂತಾಗುವುದೆಂದು ಅಲ್ಲಿ ಹೇಳಿದೆಯೇ ಹೊರತು ನೀರಿನ ಪ್ರಸ್ತಾಪವಿಲ್ಲ.

ಒಟ್ಟಿನಲ್ಲಿ, ಅನಿಮಿತ್ತವೆಂಬ ವಿಶೇಷಣವನ್ನು ಅಜ್ಞಾನದ ಒಪ್ಪಿಗೆಯೆಂದು ಓದಬಾರದು. ಅದು ಎಚ್ಚರಿಕೆಯ ಗುರುತು. ತಾನಾಗಿ ಬಂದ ದಂತಶೂಲೆಯು ತಾನಾಗಿ ನಿಂತರೂ ವೈದ್ಯನನ್ನು ಕಾಣಬೇಕು. ಅದರೊಡನೆ ಜ್ವರ ಬಂದರೆ, ದವಡೆಯ ಕೆಳಗೆ ಬಾವು ಹಬ್ಬಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ, ಕಣ್ಣು ಊದಿದರೆ, ಬೆಳಗಾಗುವ ತನಕವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಿಂದಿನವರಿಗೆ ಅಂತಹ ರಾತ್ರಿ ಹೋಗುವ ಸ್ಥಳವಿರಲಿಲ್ಲ, ಈಗ ಉಂಟು. ಪದವನ್ನು ಸರಿಯಾಗಿ ಓದಿದವರು ಆ ದಾರಿಯನ್ನು ತಡಮಾಡದೆ ಹಿಡಿಯುವರು.